ಕಲ್ಯಾಣಿಯ ಕಲ್ಲು

ನಮ್ಮೂರಲ್ಲಿ ಗಂಡು ಹೆಣ್ಣಿನ ಮಾತು ಶುರುವಾದರೆ ಜಾತಕ ಹಿಡಿದುಕೊಂಡು ಯಾರೂ ಎಲ್ಲಿಗೂ ಓಡುವುದಿಲ್ಲ, ನನ್ನ ಮನೆಗೆ ಬರುತ್ತಾರೆ. ಬರುವಾಗ ಎರಡು ಎಳನೀರೋ ಒಂದು ಚಿಪ್ಪು ಬಾಳೆಹಣ್ಣೋ ತಂದಿರುತ್ತಾರೆ. ಜಗಲಿಯಲ್ಲಿ ಕೂತು ಗಾಳಿ, ಮೀನು, ಮೊಣಕಾಲು ನೋವು ಎಲ್ಲ ಮಾತಾಡಿ, ಎದ್ದು ಹೋಗುವ ಹೊತ್ತಿಗೆ ಈಗಷ್ಟೇ ನೆನಪಾದವರ ಹಾಗೆ ಒಂದು ಜೋಡಿ ಕಟ್ಟಿಸಬೇಕಿತ್ತು ಅನ್ನುತ್ತಾರೆ. ಯಾರ ಜೋಡಿ ಎಂದು ನಾನು ಕೇಳುವುದಿಲ್ಲ. ಊರಿನ ಅರ್ಧ ಜನ ಅದನ್ನು ಮೊದಲೇ ಹೇಳಿ ಹೋಗಿರುತ್ತಾರೆ.

ನಾನು ಸರಸು, ಕಲ್ಲು ಕಟ್ಟುವವಳು. ನನಗಿಂತ ಮೊದಲು ನನ್ನ ಅಮ್ಮ ಕಟ್ಟುತ್ತಿದ್ದಳು. ನೀವು ಹವಳ ಅನ್ನುವುದರಲ್ಲಿ ಒಂದು ಜಾತಿಗೆ ನಾವು ಕೊಂಬುಗಲ್ಲು ಅನ್ನುತ್ತೇವೆ; ಜಿಂಕೆಯ ಕೊಂಬಿನ ಹಾಗೆ ಕವಲು ಕವಲಾಗಿ ಬೆಳೆಯುತ್ತದೆ. ಕಲ್ಲು ಅಂದರೂ ಜೀವದ್ದು, ಮುಟ್ಟಿದರೆ ಲೋಳೆ ಬಿಡುತ್ತದೆ, ಗೀರಿದರೆ ಗಾಯ ವಾರಗಟ್ಟಲೆ ಮಾಯುವುದಿಲ್ಲ. ಊರಿನ ಎದುರಿಗೆ, ಅಲೆ ಒಡೆಯುವ ಕಲ್ಲುದಂಡೆಯ ಈಚೆಗೆ, ಎದೆಮಟ್ಟದಿಂದ ಎರಡಾಳು ಆಳದವರೆಗೆ ತಿಳಿನೀರು ನಿಂತಿದೆ. ಅದನ್ನು ಒಳಗಡಲು ಎಂದು ಕರೆಯುತ್ತೇವೆ. ಬಿಸಿಲು ತಳದವರೆಗೆ ಇಳಿಯುತ್ತದೆ, ನದಿಯ ಕೆಸರು ಅಲ್ಲಿಯವರೆಗೆ ಬರುವುದಿಲ್ಲ, ದಂಡೆಯಾಚೆಯ ಹೊಸ ನೀರು ದಿನಕ್ಕೆ ಎರಡು ಸಲ ಬಂದು ಹೋಗುತ್ತದೆ. ಕೊಂಬುಗಲ್ಲಿಗೆ ಬೇಕಾದದ್ದು ಇಷ್ಟೇ.

ಊರಿನ ಪ್ರತಿಯೊಬ್ಬರಿಗೂ ಅಲ್ಲಿ ಒಂದು ಕಲ್ಲಿದೆ. ಮಗು ಹುಟ್ಟಿದ ಹದಿನಾರನೇ ದಿನ, ನೀರು ಇಳಿದ ಹೊತ್ತು ನೋಡಿಕೊಂಡು ನಾನು ಮುಳುಗುತ್ತೇನೆ. ತಾಯಿಯ ಕಲ್ಲಿನಿಂದ ಬೆರಳುದ್ದದ ಒಂದು ತುಂಡು ಮುರಿದು ಖಾಲಿ ಬಂಡೆಯೊಂದಕ್ಕೆ ತೆಂಗಿನ ನಾರಿನ ಹುರಿಯಿಂದ ಕಟ್ಟುತ್ತೇನೆ. ಹುರಿ ಕೊಳೆಯುವಷ್ಟರಲ್ಲಿ ಕಲ್ಲು ಬಂಡೆಯನ್ನು ಹಿಡಿದಿರುತ್ತದೆ. ಅದು ಆ ಮಗುವಿನ ಕಲ್ಲು. ಹೆಣ್ಣುಮಗುವಾದರೆ ಮುಂದೆ ಅವಳ ಮಕ್ಕಳ ಕಲ್ಲೂ ಅದರಿಂದಲೇ ಬರಬೇಕು. ಗಂಡಾದರೆ ಅವನದು ಅವನಿಗೇ ಮುಗಿಯಿತು. ಕಲ್ಲಿದ್ದವರಿಗೆ ಊರಲ್ಲಿ ಮನೆ, ಮದುವೆ, ಸತ್ತರೆ ನಾಲ್ಕು ಹೆಗಲು. ಕಲ್ಲಿಲ್ಲದವರು ನದಿ ಕಡಲು ಸೇರುವ ಅಳಿವೆಯಾಚೆ ಇರುತ್ತಾರೆ. ಅವರೂ ನಮ್ಮ ಹಾಗೇ ಉಣ್ಣುತ್ತಾರೆ, ಮಲಗುತ್ತಾರೆ, ಬೆಳಿಗ್ಗೆ ಸೊಪ್ಪು ತರಕಾರಿ ತಂದು ನಮ್ಮ ಅಂಗಳದಲ್ಲಿ ಮಾರಿ ಹೋಗುತ್ತಾರೆ. ಹೊಸಿಲು ದಾಟುವಂತಿಲ್ಲ ಅಷ್ಟೇ.

ಜೋಡಿ ಕಟ್ಟುವುದೆಂದರೆ ಹುಡುಗನ ಕಲ್ಲಿನದೊಂದು ತುಂಡು, ಹುಡುಗಿಯ ಕಲ್ಲಿನದೊಂದು ತುಂಡು ತಂದು, ಎರಡನ್ನೂ ಮೈಗೆ ಮೈ ತಾಗಿಸಿ ಒಂದು ಹಾಸುಗಲ್ಲಿಗೆ ಬಿಗಿದು ಮೂರು ತಿಂಗಳು ನೀರಿನಲ್ಲಿ ಬಿಡುವುದು. ಎರಡೂ ಒಂದೇ ಬೇರಿನವಾದರೆ ಕೂಡಿಕೊಂಡು ಒಂದೇ ಕಲ್ಲಾಗುತ್ತವೆ. ಎಲ್ಲಿ ಸೇರಿದವೆಂದು ಉಗುರು ಹಾಕಿ ಹುಡುಕಿದರೂ ಗೊತ್ತಾಗುವುದಿಲ್ಲ. ಹಾಗಾದರೆ ಅವರಿಬ್ಬರೂ ಅಣ್ಣತಂಗಿ, ಮದುವೆ ಇಲ್ಲ. ಬೇರೆ ಬೇರಿನವಾದರೆ ಒಂದನ್ನೊಂದು ತಿನ್ನಲು ಹೋಗುತ್ತವೆ, ನಡುವೆ ಸತ್ತ ಬಿಳಿ ಗೆರೆಯೊಂದು ಬೀಳುತ್ತದೆ. ಗೆರೆ ಬಿದ್ದರೆ ಚಪ್ಪರ ಹಾಕಬಹುದು. ಜಗಳ ನೋಡಿ ಮದುವೆ ಮಾಡಿಸುವ ಊರು ನಮ್ಮದೊಂದೇ ಇರಬೇಕು. ಬೇರೆ ಕಡೆ ಜಗಳ ಆಮೇಲೆ ಶುರುವಾಗುತ್ತದಂತೆ. ಮದುವೆಗೆ ಮಾತ್ರವಲ್ಲ, ನಾವಿಬ್ಬರೂ ಒಂದೇ ಬೇರು, ಈ ತೆಂಗಿನ ತೋಟದಲ್ಲಿ ನನಗೂ ಪಾಲಿದೆ ಅಂದವರಿಗೂ ಜೋಡಿ ಕಟ್ಟುತ್ತೇನೆ. ಮೂರು ತಿಂಗಳು ಕಾಯುವಷ್ಟರಲ್ಲಿ ಅರ್ಧ ಜಗಳಗಳು ತಾವಾಗಿ ತಣ್ಣಗಾಗುತ್ತವೆ. ಒಮ್ಮೆ ಮಾತ್ರ ಎರಡು ಮನೆಯವರು ತಲೆಮಾರುಗಳಿಂದ ಅಣ್ಣತಮ್ಮಂದಿರ ಹಾಗೆ ಇದ್ದವರು, ತಮಾಷೆಗೆ ಜೋಡಿ ಕಟ್ಟಿಸಿ, ಗೆರೆ ಬಿದ್ದದ್ದು ನೋಡಿದ ಮೇಲೆ ಒಬ್ಬರ ಮನೆಯ ಊಟಕ್ಕೆ ಇನ್ನೊಬ್ಬರು ಹೋಗಲಿಲ್ಲ.

ಒಳಗಡಲಿನಲ್ಲಿ ಕಲ್ಲು ಕಟ್ಟುವವಳನ್ನು ಬಿಟ್ಟು ಬೇರೆ ಯಾರೂ ಮುಳುಗುವಂತಿಲ್ಲ. ವರ್ಷಕ್ಕೊಮ್ಮೆ, ಮಳೆ ಮುಗಿದು ನೀರು ತಿಳಿಯಾದಾಗ, ದೋಣಿಯಲ್ಲಿ ಕೂತು ತಳಕ್ಕೆ ಗಾಜು ಕೂರಿಸಿದ ಪೆಟ್ಟಿಗೆಯನ್ನು ನೀರಿಗೆ ಒತ್ತಿ ತಂತಮ್ಮ ಕಲ್ಲು ನೋಡಿ ಬರುತ್ತಾರೆ. ನಾನು ನೀರಲ್ಲಿದ್ದು ಇದು ನಿಮ್ಮದು, ಇದು ನಿಮ್ಮ ಮಗನದು ಎಂದು ತೋರಿಸುತ್ತೇನೆ. ಉಳಿದ ದಿನಗಳಲ್ಲಿ ಕಲ್ಲು ಹೇಗಿದೆ ಎಂದು ಕೇಳಿದರೆ ನಾನು ಹೇಳಿದ್ದೇ ಸತ್ಯ. ಇಷ್ಟು ನಂಬಿಕೆಯನ್ನು ಒಬ್ಬಳ ತಲೆ ಮೇಲೆ ಹೊರಿಸಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಇಪ್ಪತ್ತೈದು ವರ್ಷದ ಹಿಂದೆ ಕಡಲು ಕಾಯಿತು. ಹೊತ್ತೇರಿದ ಮೇಲೆ ನೀರಿಗಿಳಿದರೆ ಬಾಣಂತಿಯ ಸ್ನಾನದ ನೀರಿನ ಹಾಗಿತ್ತು. ಮೊದಲು ಕಲ್ಲುಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾದವು. ಬೆಳ್ಳಗಾದದ್ದು ಸತ್ತದ್ದಲ್ಲ, ನೀರು ತಣಿದರೆ ಮತ್ತೆ ಬಣ್ಣ ಬರುತ್ತದೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಆದರೆ ನೀರು ತಣಿಯಲಿಲ್ಲ. ಐದನೇ ವಾರಕ್ಕೆ ಪಾಚಿ ಹಿಡಿಯಿತು. ‘ನಿನ್ನ ಕಲ್ಲಿಗೆ ಪಾಚಿ ಹಿಡಿಯ’ ಎಂಬುದು ನಮ್ಮಲ್ಲಿ ಅತಿ ಕೆಟ್ಟ ಬೈಗುಳ. ಆ ವರ್ಷ ಯಾರೂ ಯಾರನ್ನೂ ಹಾಗೆ ಬಯ್ಯಲಿಲ್ಲ. ಕಲ್ಲು ಸತ್ತವರಿಗೆ ಅಮ್ಮನದರಿಂದಲೋ ಅಕ್ಕನದರಿಂದಲೋ ಮುರಿದು ಕಟ್ಟಿದೆ. ಬೇರಿಗೆ ಬೇರೇ ಸತ್ತುಹೋದ ಐದು ಮನೆಗಳಿದ್ದವು. ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪಾತ್ರೆ ಪಗಡ ತಲೆ ಮೇಲೆ ಹೊತ್ತು, ಕೋಳಿಗಳನ್ನು ಕಾಲು ಕಟ್ಟಿ ಹಿಡಿದುಕೊಂಡು ಅಳಿವೆ ದಾಟಿದರು. ನಾನು ಅಂಗಳದಲ್ಲಿ ನಿಂತು ನೋಡಿದೆ.

ಅದಾಗಿ ಒಂದು ವಾರಕ್ಕೆ ಕಲ್ಯಾಣಿ ಬಂದಳು. ನನ್ನ ಓರಗೆಯವಳು, ನಾವಿಬ್ಬರೂ ಒಟ್ಟಿಗೆ ಮರಳಿನಲ್ಲಿ ಅಡುಗೆ ಆಟ ಆಡಿದವರು. ತೋಳಿನಲ್ಲಿ ಹದಿನಾರು ದಿನದ ಹೆಣ್ಣುಮಗು, ಅದರ ನೆತ್ತಿಗೆ ಒಂದು ಬಟ್ಟೆ. ಅವಳಿಗೆ ಅಕ್ಕತಂಗಿಯರಿಲ್ಲ, ತಾಯಿ ತೀರಿಕೊಂಡು ವರ್ಷಗಳಾಗಿದ್ದವು, ತಾಯಿಯ ಕಲ್ಲೂ ಉಳಿದಿರಲಿಲ್ಲ. ನಾನು ಮುಳುಗಿ ಅವಳ ಕಲ್ಲಿದ್ದಲ್ಲಿಗೆ ಹೋದೆ. ಕವಲುಗಳ ಮೇಲೆಲ್ಲ ಪಾಚಿ ಒಲೆದಾಡುತ್ತಿತ್ತು. ಮುಟ್ಟಿದರೆ ಲೋಳೆ ಕೂಡ ಬರಲಿಲ್ಲ. ಉಸಿರು ತೆಗೆದುಕೊಳ್ಳಲು ಮೇಲೆ ಬಂದಾಗ ಅವಳು ದಡದಲ್ಲಿ ಮಗುವಿಗೆ ಬಿಸಿಲು ತಾಗದ ಹಾಗೆ ಬೆನ್ನು ಹಾಕಿ ನಿಂತದ್ದು ಕಾಣಿಸಿತು. ಐದು ಮನೆಯವರು ಹೋದದ್ದನ್ನು ನೋಡಿದ ನನಗೆ ಆರನೆಯದನ್ನು ನೋಡುವುದಾಗಲಿಲ್ಲ. ದಂಡೆಯ ಸಂದಿನಲ್ಲಿ ತಣ್ಣನೆ ನೀರು ಬರುವಲ್ಲಿ ನನ್ನದೇ ಕಲ್ಲು ಜೀವದಿಂದ ಇತ್ತು. ಅದರಿಂದ ಒಂದು ತುಂಡು ಮುರಿದು ಕಟ್ಟಿ ಬಂದೆ. ಎಲ್ಲ ಸರಿಯಾಯಿತು ಎಂದು ಕಲ್ಯಾಣಿಗೆ ಹೇಳಿದೆ. ಅವಳು ಮಗುವಿಗೆ ವಾರಿಜಾ ಎಂದು ಹೆಸರಿಟ್ಟಳು.

ಆಮೇಲೆ ಪ್ರತಿ ವರ್ಷ ಕಲ್ಲು ನೋಡುವ ದಿನ ಕಲ್ಯಾಣಿ ನನ್ನದನ್ನು ಬಿಡು, ಮಗಳದ್ದು ತೋರಿಸು ಅನ್ನುತ್ತಿದ್ದಳು. ತಾಯಿ ಜೀವ, ಹಾಗೇ ಇರುತ್ತದೆ ಎಂದುಕೊಂಡು ನಾನು ನಿಟ್ಟುಸಿರು ಬಿಡುತ್ತಿದ್ದೆ. ಆ ಕಲ್ಲು ಚೆನ್ನಾಗಿ ಬೆಳೆಯಿತು. ಇಪ್ಪತ್ತೈದು ವರ್ಷಕ್ಕೆ ಎತ್ತಿನ ಗಾಡಿಯ ಚಕ್ರದಷ್ಟು ಅಗಲವಾಗಿ, ಕವಲುಗಳ ಸಂದಿಯಲ್ಲಿ ಸಣ್ಣ ನೀಲಿ ಮೀನುಗಳು ಸಂಸಾರ ಹೂಡಿದವು. ಕಲ್ಲು ತಿನ್ನುವ ಮುಳ್ಳಿನ ನಕ್ಷತ್ರಮೀನು ಹತ್ತಿರ ಬಂದರೆ ಕವಲೊಳಗೆ ಕಾವಲಿರುವ ಏಡಿಗಿಂತ ಮೊದಲು ನಾನೇ ಅದನ್ನು ಕೋಲಿನಿಂದ ಎತ್ತಿ ಎಸೆಯುತ್ತಿದ್ದೆ. ನನಗೆ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಕಲ್ಲಿನ ಲೆಕ್ಕದಲ್ಲಿ ವಾರಿಜಾ ನನ್ನ ಮಗಳು ಎಂಬ ಮಾತನ್ನು ಯಾರಿಗೂ ಹೇಳಲಾಗದೆ, ನೀರಿನೊಳಗೆ ಮಾತ್ರ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಾಗ ಸುಖವಾಗುತ್ತಿತ್ತು. ಅದನ್ನು ಮುಚ್ಚಿಟ್ಟು ಈಗ ಸುಳ್ಳು ಹೇಳುವುದಿಲ್ಲ.

ಕೇಡು ನನ್ನ ತಂಗಿಯ ಮನೆಯಿಂದಲೇ ಬಂತು. ತಂಗಿ ಭಾಗಿ ಒಂದು ದಿನ ಎಳನೀರು ಹಿಡಿದುಕೊಂಡು ನನ್ನ ಜಗಲಿಗೆ ಬಂದಳು. ತಂಗಿ ಎಳನೀರು ತಂದಳೆಂದರೆ ಅದು ಜೋಡಿಯ ಮಾತೇ. ಅವಳ ಮಗ ವಾಮನ, ದೋಣಿ ಕಟ್ಟುವ ಕೆಲಸದವನು, ವಾರಿಜಾಳನ್ನೇ ಆಗುತ್ತೇನೆ ಅನ್ನುತ್ತಿದ್ದಾನಂತೆ. ವಾರಿಜಾಳಿಗೂ ಅವನೇ ಬೇಕಂತೆ. ವಾಮನನ ಕಲ್ಲು ಭಾಗಿಯದರಿಂದ, ಭಾಗಿಯದು ನಮ್ಮಮ್ಮನದರಿಂದ, ನನ್ನದೂ ಅಮ್ಮನದರಿಂದ. ವಾರಿಜಾಳದು ನನ್ನದರಿಂದ. ಜೋಡಿ ಕಟ್ಟಿದರೆ ಕೂಡಿಕೊಳ್ಳದೆ ಬೇರೆ ದಾರಿಯೇ ಇಲ್ಲ. ಕೂಡಿಕೊಂಡರೆ ಮದುವೆ ಮುರಿಯುವುದು ಒಂದು ಕಡೆಯಾದರೆ, ವಾರಿಜಾ ನಮ್ಮ ಬೇರಿಗೆ ಹೇಗೆ ಬಂದಳು ಎಂದು ಊರು ಕೇಳುತ್ತದೆ. ಆಗ ಒಂದೋ ನಾನು ಕದ್ದು ಹೆತ್ತವಳಾಗುತ್ತೇನೆ, ಇಲ್ಲ ವಾರಿಜಾ ಕಲ್ಲಿಲ್ಲದವಳಾಗುತ್ತಾಳೆ.

ಮೊದಲು ಬೇಡವೆಂದು ನೋಡಿದೆ. ಹುಡುಗಿಗೆ ಸಿಟ್ಟು ಜಾಸ್ತಿ ಅಂದೆ, ವಾಮನನಿಗೆ ಇನ್ನೂ ವಯಸ್ಸಿದೆ ಅಂದೆ, ಆ ಮನೆಯ ಬಾವಿ ನೀರು ಉಪ್ಪು ಅಂದೆ. ಭಾಗಿ ಇನ್ನೊಬ್ಬರ ಹತ್ತಿರ, ಅಕ್ಕನಿಗೆ ಮದುವೆಯಾಗಲಿಲ್ಲ ನೋಡಿ, ಬೇರೆಯವರದ್ದು ನೋಡಿದರೆ ಹೊಟ್ಟೆಕಿಚ್ಚು ಎಂದಳೆಂದು ಕಿವಿಗೆ ಬಿತ್ತು. ಆಮೇಲೆ ವಾಮನನೇ ಬಂದ. ಮಾತಾಡದೆ ನನ್ನ ಒಡೆದ ನೀರಿನ ಕಟ್ಟೆಗೆ ಗಾರೆ ಮೆತ್ತಿ ಸರಿಮಾಡಿ, ಕೈ ತೊಳೆದುಕೊಂಡು ಹೊರಟ. ಅಂಥವನಿಗೆ ಏನು ಹೇಳುವುದು? ಜೋಡಿ ಕಟ್ಟುತ್ತೇನೆ ಎಂದು ಒಪ್ಪಿಕೊಂಡೆ.

ಗಾಳಿ ಇಲ್ಲದ ಒಂದು ಬೆಳಿಗ್ಗೆ ದಂಡೆಯ ಹೊರಗೆ ಹೋದೆ. ಅಲ್ಲಿ ಯಾರ ಹೆಸರೂ ಇಲ್ಲದ ಕೊಂಬುಗಲ್ಲುಗಳು ತಮ್ಮಷ್ಟಕ್ಕೆ ಬೆಳೆದಿವೆ. ಯಾರೂ ಕಟ್ಟಿದ್ದಲ್ಲ, ಯಾರೂ ನೋಡಿದ್ದಲ್ಲ. ಅಲೆ ಎತ್ತಿ ಎತ್ತಿ ಹಾಕುತ್ತದೆ, ನನಗೆ ಐವತ್ತಾರು ದಾಟಿದೆ, ಮೊದಲಿನ ಉಸಿರಿಲ್ಲ. ಮೊಣಕಾಲ ಕೆಳಗೆ ಉದ್ದಕ್ಕೆ ಗೀರಿಸಿಕೊಂಡು ಒಂದು ತುಂಡು ತಂದೆ. ವಾಮನನ ತುಂಡಿನ ಪಕ್ಕ ಅದನ್ನೇ ವಾರಿಜಾಳದ್ದೆಂದು ಬಿಗಿದೆ. ತಿಂಗಳಾಗುವಷ್ಟರಲ್ಲಿ ಎರಡೂ ಕಚ್ಚಾಡಲು ಶುರುಮಾಡಿದ್ದವು. ಕಾಲಿನ ಗಾಯ ಕೀವಾಗಿ ಕುಂಟುತ್ತಿದ್ದೆ, ಆದರೂ ಮನಸ್ಸು ಹಗುರವಾಗಿತ್ತು. ಇಪ್ಪತ್ತೈದು ವರ್ಷ ನಡೆದದ್ದು ಇನ್ನೂ ನಡೆಯುತ್ತದೆ ಎಂದೇ ನಂಬಿದ್ದೆ.

ಗೆರೆ ನೋಡುವ ದಿನ ದೋಣಿ ಚಪ್ಪರದಲ್ಲಿ ಎರಡೂ ಮನೆಯವರು ಸೇರಿದರು. ಹಾಸುಗಲ್ಲನ್ನು ಸಮುದ್ರದ ನೀರು ತುಂಬಿದ ಕಡಾಯಿಯಲ್ಲಿ ತಂದಿಟ್ಟೆ. ಬಿಳಿ ಗೆರೆ ನೂಲು ಹಿಡಿದು ಎಳೆದಷ್ಟು ಸ್ಪಷ್ಟವಾಗಿತ್ತು. ಊರಿನ ಹಿರಿಯ ಐತಪ್ಪಜ್ಜ ಬಗ್ಗಿ ನೋಡಿ ತಲೆ ಆಡಿಸಿದ. ಭಾಗಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು, ಹೊಟ್ಟೆಕಿಚ್ಚಿನ ಮಾತು ಅವಳಿಗೆ ಮರೆತೇಹೋಗಿತ್ತು. ಬೆಲ್ಲ ಹಂಚಿದರು. ವಾರಿಜಾ ಮಾತ್ರ ಎಲ್ಲರಿಗಿಂತ ಹೆಚ್ಚು ಹೊತ್ತು ಕಡಾಯಿಯ ಮೇಲೆ ಬಗ್ಗಿದ್ದಳು. ಬೆಲ್ಲವನ್ನು ಬಾಯಿಗೆ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡಳು.

ಮರುದಿನ ನನ್ನ ಮನೆಗೆ ಬಂದಳು. ನಾನು ಹುರಿ ಹೊಸೆಯುತ್ತಿದ್ದೆ.

"ದೊಡ್ಡಮ್ಮ, ಅದು ನನ್ನ ಕಲ್ಲಲ್ಲ."

ನೀರಿನಿಂದ ತೆಗೆದದ್ದಕ್ಕೆ ಹಾಗೆ ಕಂಡಿರಬೇಕು, ಬೆಳಕು ಬೇರೆ ಇರುತ್ತದಲ್ಲ ಎಂದೆ.

"ಬೆಳಕಲ್ಲ. ನನ್ನದಕ್ಕೆ ತುದಿಯಲ್ಲಿ ನೀಲಿ ಉಂಟು. ಸಣ್ಣದಿರುವಾಗಿಂದ ನೋಡ್ತಾ ಇದ್ದೇನೆ, ನಂಗೆ ಗೊತ್ತಾಗುದಿಲ್ವಾ? ಅದರ ತುದಿ ಹಳದಿ."

ನೀಲಿ ತುದಿಯ ಕಲ್ಲುಗಳು ಒಳಗಡಲಿನಲ್ಲಿ ಹತ್ತಾರು ಬೇರಿಗೆ ಇವೆ, ಹಳದಿಯವೂ ಇವೆ. ಪೆಟ್ಟಿಗೆಯ ಗಾಜಿನಲ್ಲಿ ಎಲ್ಲ ಕಲ್ಲೂ ಒಂದೇ ಥರ ಅಲುಗುತ್ತವೆ, ಅಷ್ಟು ಹತ್ತಿರದಿಂದ ನೋಡುವವಳು ನಾನೊಬ್ಬಳೇ ಎಂದು ತಿಳಿದಿದ್ದೆ. ವರ್ಷಕ್ಕೊಮ್ಮೆ ಅರೆಗಳಿಗೆ ನೋಡುವವರೂ ಕಣ್ಣು ತುಂಬ ನೋಡುತ್ತಾರೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಇನ್ನೊಂದು ಸುಳ್ಳು ನಾಲಿಗೆಯ ತುದಿವರೆಗೆ ಬಂತು. ಅವಳ ಮುಖ ನೋಡಿ ಹೇಳಲಾಗಲಿಲ್ಲ. ಕಡಲು ಕಾದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹುರಿ ಹೊಸೆಯುವುದನ್ನು ನಿಲ್ಲಿಸಲಿಲ್ಲ, ಕೈಗೆ ಕೆಲಸವಿಲ್ಲದಿದ್ದರೆ ಅತ್ತುಬಿಡುತ್ತಿದ್ದೆ.

ಹಾಗಾದರೆ ನಾನು ಯಾರ ಮಗಳು ಎಂದು ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಅವಳು ಕಲ್ಯಾಣಿಯ ಮಗಳು, ಅದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ನಾನು ಮಾತು ಮುಂದುವರಿಸಿದೆ. ಯಾರಿಗೂ ಗೊತ್ತಿಲ್ಲ, ನೀನು ಸುಮ್ಮನಿದ್ದರೆ ಆಯಿತು, ಮುಂದಿನ ತಿಂಗಳು ಮದುವೆ ಎಂದು ಬೇಡಿಕೊಂಡೆ.

"ಮದುವೆ ಆಗಿ ನಂಗೊಂದು ಮಗು ಆಯ್ತು ಅಂತ ಇಟ್ಟುಕೊಳ್ಳಿ. ಹದಿನಾರನೇ ದಿನ ನೀವು ಯಾವ ಕಲ್ಲಿಂದ ಮುರಿತೀರಿ?"

ನನ್ನ ಕೈಯ ಹುರಿ ನಿಂತಿತು. ನನ್ನದರಿಂದ ಬಂದ ಅವಳ ಈಗಿನ ಕಲ್ಲಿನಿಂದ ಮುರಿದರೆ ಆ ಮಗುವಿಗೆ ಅಪ್ಪನ ಬೇರಿನದೇ ಕಲ್ಲಾಗುತ್ತದೆ; ಒಂದಲ್ಲ ಒಂದು ದಿನ ಯಾವುದೋ ಜೋಡಿಯಲ್ಲಿ ಅದು ಹೊರಗೆ ಬರುತ್ತದೆ, ಆಗ ನಾನು ಇರುವುದಿಲ್ಲ, ಉತ್ತರ ಹೇಳಬೇಕಾದದ್ದು ಆ ಮಗು. ಇಷ್ಟು ವರ್ಷ ಕಲ್ಲು ಕಟ್ಟಿದ ನನಗೆ ಇದು ಹೊಳೆದಿರಲಿಲ್ಲ. ಹೊಳೆಯದ ಹಾಗೆ ನಾನೇ ನೋಡಿಕೊಂಡಿದ್ದೆನೋ ಏನೋ.

"ನಾನು ಅಜ್ಜನಿಗೆ ಹೇಳ್ತೇನೆ. ನೀವೂ ಬನ್ನಿ, ನೀವಿಲ್ಲದೆ ಹೇಳುದು ನಂಗೆ ಸರಿ ಕಾಣುದಿಲ್ಲ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ದಿನ ಬಿಟ್ಟು ಬೆಳಿಗ್ಗೆ ದೋಣಿ ಚಪ್ಪರದಲ್ಲಿ ಊರು ಸೇರಿತು. ನಾನು ಎದ್ದು ನಿಂತು ಹೇಳಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ತಮ್ಮ ತಮ್ಮ ಕಲ್ಲು ತಮ್ಮದೇ ಹೌದೋ ಅಲ್ಲವೋ ಎಂದು ಕೇಳುವವರೇ ಹೆಚ್ಚು. ಹೌದು, ತಪ್ಪಿದ್ದು ಇದೊಂದೇ ಎಂದು ನಾನು ನಮ್ಮಮ್ಮನ ಮೇಲೆ ಆಣೆ ಇಟ್ಟೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ಒಬ್ಬರು, ಕಲ್ಲಿಲ್ಲದ ಹುಡುಗಿ ಅಳಿವೆಯಾಚೆ ಹೋಗುವುದೇ ಸರಿ ಎಂದರು. ವಾಮನ ಹಿಂದಿನಿಂದ, ಹಾಗಾದರೆ ನನ್ನ ಉಳಿ ಬಾಚಿಗಳನ್ನೂ ಕಟ್ಟಿ ಇಡುತ್ತೇನೆ, ಆಚೆಗೂ ದೋಣಿ ಬೇಕಲ್ಲ ಎಂದ. ಭಾಗಿ ಮೂಲೆಯಲ್ಲಿ ಕೂತು ಅಳುತ್ತಿದ್ದಳು.

ಆಗ ಕಲ್ಯಾಣಿ ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ.

"ನಂಗೆ ಗೊತ್ತಿತ್ತು. ಬಸುರಿ ಇರುವಾಗ್ಲೇ ಪೆಟ್ಟಿಗೆ ಹಾಕಿ ನೋಡಿದ್ದೆ, ನನ್ನ ಕಲ್ಲಿಗೆ ಪಾಚಿ ಹಿಡಿದಿತ್ತು. ಆದ್ರೂ ಮಗು ಎತ್ತಿಕೊಂಡು ಸರಸುವಿನ ಹತ್ರ ಹೋದೆ. ಅವಳು ಎಲ್ಲ ಸರಿ ಉಂಟು ಹೇಳಿದ್ಲು. ನಾನು ಹೌದಾ ಅಂತ ಕೇಳ್ಲಿಲ್ಲ. ಇಪ್ಪತ್ತೈದು ವರ್ಷ ಕಲ್ಲಿಲ್ಲದೆ ನಿಮ್ಮ ಮಧ್ಯೆ ಇದ್ದೇನೆ. ಯಾರ ಮನೆಯ ಹಂಚೂ ಹಾರಿ ಹೋಗ್ಲಿಲ್ಲ."

ನನ್ನದನ್ನು ಬಿಡು, ಮಗಳದ್ದು ತೋರಿಸು ಎಂದು ವರ್ಷ ವರ್ಷವೂ ಅವಳು ಯಾಕೆ ಹೇಳುತ್ತಿದ್ದಳೆಂದು ನನಗೆ ಅರ್ಥವಾದದ್ದು ಆಗ. ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡ ಭಾರವನ್ನು ಅವಳೂ ಇನ್ನೊಂದು ತುದಿಯಿಂದ ಹಿಡಿದಿದ್ದಳು. ಒಮ್ಮೆಯಾದರೂ ಹೇಳಬಾರದಿತ್ತೇ ಎಂದು ಸಿಟ್ಟು ಬಂತು. ನಾನು ಹೇಳಿದ್ದೆನೇ ಎಂದು ಆಮೇಲೆ ಹೊಳೆಯಿತು.

ಐತಪ್ಪಜ್ಜನಿಗೆ ಎಂಬತ್ತು ದಾಟಿದೆ, ಉದ್ದದ ಮಾತು ಅವನಿಗೆ ಆಗುವುದಿಲ್ಲ. ಗೆರೆ ಬಿದ್ದಿದೆಯೋ ಇಲ್ಲವೋ ಎಂದು ನನ್ನನ್ನು ಕೇಳಿದ. ಬಿದ್ದಿದೆ ಅಂದೆ. ಆ ಹೊರಗಿನ ಕಲ್ಲು ಯಾರದ್ದು ಎಂದ. ಯಾರದ್ದೂ ಅಲ್ಲ ಅಂದೆ.

"ಮತ್ತೆ ಎಂತ? ಜೋಡಿ ಸರಿಯೇ ಉಂಟು. ಕಲ್ಲು ಹುಡುಗಿಯದ್ದಲ್ಲ, ಅಷ್ಟೇ ತಪ್ಪು. ಅದನ್ನು ಹುಡುಗಿಯದ್ದು ಮಾಡಿ."

ಚಪ್ಪರದಲ್ಲಿ ಗುಸುಗುಸು ಎದ್ದಿತು. ತಾಯಿಯಿಂದ ಬಾರದ ಕಲ್ಲು ಹೇಗೆ ಅವಳದಾಗುತ್ತದೆ ಎಂದು ಕೇಳಿದವರಿಗೆ ಅಜ್ಜ, ನಮ್ಮೆಲ್ಲರ ಮೊದ್ಲಿನವ್ರು ಎಲ್ಲಿಂದ ತಂದದ್ದು, ಅಂಗಡಿಯಿಂದಲಾ ಎಂದು ಕೇಳಿ ಮೈ ಪರಚಿಕೊಂಡ. ನಮ್ಮೂರಿನವರು ಮನುಷ್ಯರ ಮಾತನ್ನು ಅಷ್ಟಾಗಿ ನಂಬದಿದ್ದರೂ ಬಿಳಿ ಗೆರೆಯನ್ನು ನಂಬುತ್ತಾರೆ. ಅದು ಕಡಾಯಿಯಲ್ಲಿ ಎಲ್ಲರ ಕಣ್ಣೆದುರಿಗೇ ಇತ್ತು. ವಾರಿಜಾ ದಂಡೆಯ ಹೊರಗೆ ತಾನೇ ಹೋಗಿ, ಅದೇ ಕಲ್ಲಿನಿಂದ ತನ್ನ ಕೈಯಿಂದಲೇ ಮುರಿದು, ತಾನೇ ಕಟ್ಟಬೇಕು ಎಂದು ತೀರ್ಮಾನವಾಯಿತು. ಅವಳಿಂದ ಒಂದು ಹೊಸ ಬೇರು ಶುರು. ನನಗೆ ಶಿಕ್ಷೆಯೆಂದರೆ, ಇನ್ನು ಮುಂದೆ ನಾನು ಕಲ್ಲು ಕಟ್ಟುವಾಗ ಯಾರ ಕಲ್ಲೋ ಆ ಮನೆಯವರೊಬ್ಬರು ಜೊತೆಗೆ ಮುಳುಗಿ ನೋಡಬೇಕು. ಕೆಲಸ ಬಿಡಿಸಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾದೆ.

ಕಲ್ಯಾಣಿಯ ವಿಷಯ ಉಳಿಯಿತು. ಅವಳು ಬಾಯಿಬಿಡದಿದ್ದರೆ ಯಾರೂ ಅವಳ ಕಲ್ಲಿನ ಮಾತು ಎತ್ತುತ್ತಿರಲಿಲ್ಲವೇನೋ. ಈಗ ಎಲ್ಲರೆದುರು ಹೇಳಿಯಾಗಿತ್ತು. ನೀನೂ ಹೊರಗಿನಿಂದ ಒಂದು ಕಲ್ಲು ತಂದುಕೋ, ವಾರದಲ್ಲಿ ಮುಗಿಯುತ್ತದೆ ಎಂದು ಅಜ್ಜ ಹೇಳಿದ.

"ಬೇಡ. ನಾನೊಂದು ಅವಳೊಂದು ತಂದ್ರೆ ನಾವಿಬ್ರೂ ಬೇರೆ ಬೇರೆ ಆಗ್ತೇವೆ. ನಮ್ಮ ಮಧ್ಯೆ ಗೆರೆ ಬೀಳ್ತದೆ. ಮಗಳ ಕಲ್ಲಿಂದಲೇ ನಂಗೊಂದು ಮುರಿದು ಕೊಡಿ."

"ತಾಯಿದರಿಂದ ಮಗುವಿಗೆ ಮುರಿಯುದು. ಹೀಗೆ ಮಾಡಿದ್ರೆ ಕಲ್ಲಿನ ಲೆಕ್ಕದಲ್ಲಿ ನೀನು ಅವಳ ಮಗಳಾಗ್ತಿ, ಕಲ್ಯಾಣಿ" ಅಂದ ಅಜ್ಜ.

"ಆಗ್ತೇನೆ."

ಮುರಿಯುವಷ್ಟು ಬೆಳೆಯಲು ಆ ಕಲ್ಲಿಗೆ ವರ್ಷದ ಮೇಲೆ ಬೇಕು, ಅಲ್ಲಿಯವರೆಗೆ ಎಲ್ಲಿರುತ್ತೀ ಎಂದು ಯಾರೋ ಕೇಳಿದರು. ಅಳಿವೆಯಾಚೆ ಎಂದು ಅವಳು ಹೇಳಿ ಕೂತುಬಿಟ್ಟಳು. ಬೇಡವೆಂದು ವಾರಿಜಾ ಅವಳ ತೋಳು ಹಿಡಿದು ಎಷ್ಟೋ ಹೇಳಿದಳು. ಅವಳು ಕೇಳಲಿಲ್ಲ.

ವಾರಿಜಾ ತನ್ನ ಕಲ್ಲನ್ನು ಕಟ್ಟಿದಳು. ಗಂಟು ಹಾಕಲು ಮೂರು ಸಲ ಉಸಿರು ಸಾಲದೆ ಮೇಲೆ ಬಂದು, ನಾಲ್ಕನೇ ಸಲ ಬಿಗಿದಳು. ನಾನು ಪಕ್ಕದಲ್ಲಿದ್ದರೂ ಕೈ ಹಾಕಲಿಲ್ಲ. ಆರು ವಾರಕ್ಕೆ ಅದು ಬಂಡೆ ಹಿಡಿದ ಮೇಲೆ ಮದುವೆಯಾಯಿತು. ಕಲ್ಲಿಲ್ಲದವರು ಚಪ್ಪರದೊಳಗೆ ಬರುವಂತಿಲ್ಲವಾದ್ದರಿಂದ ಕಲ್ಯಾಣಿ ಅಂಗಳದ ಹೊರಗೆ ನಿಂತು ಮಗಳ ಮದುವೆ ನೋಡಿದಳು. ವಾಮನ ಚಪ್ಪರವನ್ನೇ ನಾಲ್ಕು ಮಾರು ಮುಂದಕ್ಕೆ ಎಳೆದು ಕಟ್ಟಿದ್ದ, ಅವಳಿಗೆ ಬಿಸಿಲು ತಾಗಲಿಲ್ಲ. ಅವನು ಒಳಗೆ ಸೇರಿಸಿದ್ದಲ್ಲ, ನೆರಳು ಕೊಟ್ಟದ್ದು ಎಂದು ಅಜ್ಜ ಹೇಳಿ ಸುಮ್ಮನಾದ.

ನಾನು ವಾರಕ್ಕೊಮ್ಮೆ ಅಳಿವೆ ದಾಟಿ ಕಲ್ಯಾಣಿಯನ್ನು ನೋಡಿ ಬರುತ್ತಿದ್ದೆ. ಅವಳ ಬಿಡಾರದ ಪಕ್ಕ ಚೋಮಕ್ಕನ ಮನೆ, ನಮ್ಮ ಅಂಗಳಕ್ಕೆ ಹರಿವೆ ಸೊಪ್ಪು ತರುವವಳು. ಆ ಐದು ಮನೆಗಳಲ್ಲಿ ಒಂದರ ಮಗಳು. ದಾಟಿ ಹೋದಾಗ ಹದಿನೈದು ವರ್ಷದವಳು. ಮೊದಲ ದಿನ ನನ್ನನ್ನು ನೋಡಿ ಅವಳು ಒಂದೇ ಮಾತು ಹೇಳಿದಳು.

"ನಮ್ಮಮ್ಮ ಬಂದಾಗ ನಿಂಗೆ ಸುಳ್ಳು ಹೇಳ್ಲಿಕ್ಕೆ ಬರ್ಲಿಲ್ಲ ಅಲ್ವಾ ಸರಸಕ್ಕ."

ಹೊರಗಿನ ಕಲ್ಲು ನಡೆಯುತ್ತದೆ ಎಂದಾದ ಮೇಲೆ ಆಚೆಯ ಮೂರು ಮನೆಯವರು ಬಂದು ಕಟ್ಟಿಸಿಕೊಂಡು ಊರಿಗೆ ಮರಳಿದರು. ಚೋಮಕ್ಕ ಬರಲಿಲ್ಲ. ಇಷ್ಟು ವರ್ಷ ಕಲ್ಲಿಲ್ಲದೆ ಬದುಕಿದ್ದು ಸಾಯಲಿಕ್ಕೆ ಕಲ್ಲು ಯಾಕೆ ಎಂದು ಬದನೆ ಗಿಡಗಳಿಗೆ ನೀರು ಹೊಯ್ಯುತ್ತಿದ್ದಳು. ಹೊಸಿಲು ದಾಟಬಾರದೆಂಬ ಕಟ್ಟಳೆ ಇದ್ದ ಹಾಗೇ ಇದೆ, ಆದರೆ ಭಾಗಿ ಈಗ ಚೋಮಕ್ಕನಿಗೆ ಜಗಲಿಯಲ್ಲಿ ಮಣೆ ಹಾಕುತ್ತಾಳೆ.

ನಾನು ವಾರಿಜಾಳ ಹೆಸರಿನಲ್ಲಿ ಬೆಳೆಸಿದ ದೊಡ್ಡ ಕಲ್ಲು ಅಲ್ಲೇ ಇದೆ. ಅದು ನಿನ್ನದೇ ಎಂದು ಊರು ನನಗೆ ಬಿಟ್ಟುಕೊಟ್ಟಿತು. ಮೊದಲ ತಿಂಗಳು ಅದರ ಹತ್ತಿರ ಹೋಗಲಾಗಲಿಲ್ಲ. ಹೋದಾಗ ನೀಲಿ ಮೀನುಗಳು ಎಂದಿನಂತೆ ನನ್ನ ಬೆರಳು ಕಚ್ಚಲು ಬಂದವು. ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ ಮಾತು ಬಾಯಿಗೆ ಬರಲಿಲ್ಲ, ದುಃಖವಾಯಿತು. ನೀರಿನೊಳಗೆ ಅಳುವುದು ಕಷ್ಟ, ಉಸಿರು ಹಾಳಾಗುತ್ತದೆ. ಮೇಲೆ ಬಂದು ದೋಣಿ ಹಿಡಿದುಕೊಂಡು ಅತ್ತೆ.

ಹದಿನಾಲ್ಕು ತಿಂಗಳಿಗೆ ವಾರಿಜಾಳ ಕಲ್ಲು ಗೇಣುದ್ದ ಬೆಳೆದು ಮೂರು ಕವಲು ಒಡೆಯಿತು. ಇನ್ನೂ ಸ್ವಲ್ಪ ಬಲಿಯಲಿ ಎಂದು ನಾನು ಹೇಳಿದರೂ ಅವಳಿಗೆ ತಡೆಯಲಾಗಲಿಲ್ಲ. ನೀರು ಇಳಿದ ಒಂದು ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಮುಳುಗಿದೆವು. ನಡುವಿನ ಕವಲನ್ನು ನಾನು ಮುರಿದೆ, ಅವಳು ನೋಡಿದಳು. ಕಲ್ಯಾಣಿಯ ಹಳೆಯ ಕಲ್ಲಿನ ಬುಡ ಪಾಚಿ ಉದುರಿ ಗಟ್ಟಿ ಬಂಡೆಯಾಗಿತ್ತು. ಅದರ ಮೇಲೆಯೇ ಕಟ್ಟಿದೆವು. ಬೇರೆ ಖಾಲಿ ಜಾಗ ಬೇಕಾದಷ್ಟಿತ್ತು, ಇಬ್ಬರಿಗೂ ಅಲ್ಲೇ ಸರಿ ಅನ್ನಿಸಿತು.

ಕಲ್ಲು ಕಟ್ಟಿ ಮೇಲೆ ಬಂದ ಮೇಲೆ ದಡದಲ್ಲಿ ಒಂದು ಕೆಲಸ ಬಾಕಿ ಇರುತ್ತದೆ. ತಾಯಿಯಾದವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಲಗಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಅಲ್ಲಿಗೆ ಮಗು ಊರಿನದಾಗುತ್ತದೆ. ಅಳಿವೆಯಾಚೆಯಿಂದ ಬಂದು ಕಾಯುತ್ತಿದ್ದ ಕಲ್ಯಾಣಿ, ಇದೆಲ್ಲ ಬೇಡ, ಜನ ನಗುತ್ತಾರೆ ಎಂದಳು. ಭಾಗಿ, ಐತಪ್ಪಜ್ಜ, ಇನ್ನೂ ಹತ್ತಿಪ್ಪತ್ತು ಜನ ಸೇರಿದ್ದರು. ಯಾರೂ ನಗುವ ಹಾಗೆ ಕಾಣಲಿಲ್ಲ. ವಾರಿಜಾ ಒದ್ದೆ ಸೀರೆಯಲ್ಲೇ ಮರಳಿನ ಮೇಲೆ ಕಾಲು ಚಾಚಿ ಕೂತು, ಬಾ ಎಂದು ತೊಡೆ ತಟ್ಟಿದಳು. ಕಲ್ಯಾಣಿ ನರೆತ ತಲೆಯನ್ನು ಮಗಳ ತೊಡೆಯ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡಳು. ವಾರಿಜಾ ಬಗ್ಗಿ ಅವಳ ಕಿವಿಯ ಮೇಲಿನ ಕೂದಲು ಸರಿಸಿದಳು. ಹುಟ್ಟಿದಾಗಿನಿಂದ ಅಮ್ಮ ಎಂದು ಕರೆದವಳಿಗೆ ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಿದಳು. ಹೇಳು ಎಂದು ಸನ್ನೆ ಮಾಡಿದೆ.

ಕಲ್ಯಾಣಿ, ಅಂದಳು. ಕಲ್ಯಾಣಿ. ಕಲ್ಯಾಣಿ.

ಹೆಸರು ಕೇಳಿದ ಕೂಡಲೇ ಮಕ್ಕಳು ಸಾಮಾನ್ಯವಾಗಿ ಅಳುತ್ತವೆ. ಅವಳೂ ಅತ್ತಳು.